ಗಣನೀಯ ಪರಿಣಾಮವಿಲ್ಲ ಎಂದ ಮಾವನವರು

ಅವರಿಂದ ನನಗೆ ಬಿದ್ದ ಖರ್ಚು ಒಂದು ಕೋಲ್ಡ್ ಸ್ಟೋರೇಜ್. ತಮಿಳುನಾಡಿನ ತೇನಿ ಕಡೆಯ ಓಡೈಪಟ್ಟಿಯಲ್ಲಿ, ದ್ರಾಕ್ಷಿ ತೋಟಗಳ ನಡುವೆ, ರಸ್ತೆಗೆ ಅಂಟಿಕೊಂಡ ಜಾಗ. ಪಾಯ ತೆಗೆಸಿದ್ದೆ, ಯಂತ್ರಕ್ಕೆ ಮುಂಗಡ ಕೊಟ್ಟಿದ್ದೆ, ಊರಿನ ಬೆಳೆಗಾರರು ಆ ಸಲದ ಬೀಜವಿಲ್ಲದ ದ್ರಾಕ್ಷಿಯನ್ನು ನನಗೇ ಕೊಡುತ್ತೇವೆಂದು ಒಪ್ಪಿದ್ದರು. ಇವತ್ತು ಅಲ್ಲಿ ಕೋಲ್ಡ್ ಸ್ಟೋರೇಜ್ ಇದೆ, ಚೆನ್ನಾಗಿಯೇ ನಡೆಯುತ್ತಿದೆ, ಬೋರ್ಡಿನ ಮೇಲೆ ಮಾತ್ರ ಇನ್ನೊಬ್ಬರ ಹೆಸರಿದೆ. ಕೇಳಿದವರು ಮಳೆ ಕೈಕೊಟ್ಟಿತೇನೋ, ದರ ಬಿತ್ತೇನೋ ಅಂದುಕೊಳ್ಳುತ್ತಾರೆ. ಕೈಕೊಟ್ಟದ್ದು ನಮ್ಮ ಕಂಪನಿಯ ಫೈನಾನ್ಸ್ ಮ್ಯಾನೇಜರು. ಒಂದು ಹೊಸ ಲೆಕ್ಕದ ನಿಯಮವನ್ನು ಓದದೆಯೇ ಅದರ ಬಗ್ಗೆ ಒಂದು ವಾಕ್ಯ ಬರೆದರು. ಆ ವಾಕ್ಯಕ್ಕೆ ನಾನು ತೆತ್ತ ಬೆಲೆ ಅದು.

ಹೋದ ತಿಂಗಳು ಅವರು ನಿವೃತ್ತರಾದರು. ದಿಂಡಿಗಲ್ಲಿನ ಒಂದು ಕಲ್ಯಾಣ ಮಂಟಪದಲ್ಲಿ ಬೀಳ್ಕೊಡುಗೆ ಆಯಿತು. ಬಿರಿಯಾನಿ ಚೆನ್ನಾಗಿತ್ತು. ಶಾಲು ಹೊದಿಸಿದ್ದು ನಾನೇ, ಏಕೆಂದರೆ ಅವರು ನನ್ನ ಹೆಂಡತಿಯ ಚಿಕ್ಕಪ್ಪ. ಮಾವನ ಭುಜದ ಮೇಲೆ ಶಾಲು ಹಾಕುತ್ತ ಮನಸ್ಸಿನಲ್ಲಿದ್ದುದನ್ನು ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ನಾನು ಒಡ್ಡನ್‌ಛತ್ರದ ತರಕಾರಿ ಮಂಡಿಯಲ್ಲಿ ಬೇರೆಯವರ ಲಾರಿಗೆ ಮೂಟೆ ಹೊರಿಸುತ್ತ ಶುರುಮಾಡಿದವನು. ಆಮೇಲೆ ಸ್ವಂತ ಕಮಿಷನ್ ಮಂಡಿ, ಆಮೇಲೆ ಬತ್ತಲಗುಂಡಿನಲ್ಲಿ ಕೋಲ್ಡ್ ಸ್ಟೋರೇಜ್, ಕಂಬಂನಲ್ಲಿ ಪ್ಯಾಕಿಂಗ್ ಶೆಡ್ಡು, ಕೊನೆಗೆ ಎಲ್ಲ ಸೇರಿಸಿ ಒಂದು ಕಂಪನಿ. ಕಂಪನಿ ಆದಾಗ ಬ್ಯಾಂಕಿನವರು ಲೆಕ್ಕ ಓದಿದವರೊಬ್ಬರು ಇರಲಿ ಎಂದರು. ಲೆಕ್ಕ ಓದಿದವರು ನೆಂಟರಲ್ಲೇ ಇದ್ದರು. ದಿಂಡಿಗಲ್ಲಿನ ಒಂದು ಬೀಗದ ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡುತ್ತಿದ್ದ ಈ ಮಾವ. ಸಂಬಳದ ಮಾತಿಗೆ ಕೂತಾಗ ನಾನು ಒಂದು ಗಂಟೆ ಚೌಕಾಸಿ ಮಾಡಿ ಗೆದ್ದೆನೆಂದು ಬೀಗಿದೆ. ಎಷ್ಟು ಅಗ್ಗಕ್ಕೆ ಕೊಂಡರೂ ಕೆಲವು ಸರಕು ದುಬಾರಿಯೇ ಎಂಬುದು ಆಮೇಲೆ ತಿಳಿಯಿತು.

ಗಂಜಿ ಹಾಕಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಹಣೆಯಲ್ಲಿ ವಿಭೂತಿ. ಏನಾದರೂ ಕೇಳಿದರೆ ಮೊದಲು ಕನ್ನಡಕ ತೆಗೆಯುತ್ತಿದ್ದರು, ಕರ್ಚೀಫಿನಲ್ಲಿ ಒರೆಸುತ್ತಿದ್ದರು, ಬೆಳಕಿಗೆ ಹಿಡಿದು ನೋಡುತ್ತಿದ್ದರು, ಮತ್ತೆ ಹಾಕಿಕೊಂಡು, "ಸುತ್ತಮುತ್ತ ಕೇಳೋಣ, ಮಾಪ್ಳೆ," ಎನ್ನುತ್ತಿದ್ದರು. ಅಳಿಯನನ್ನು ನಮ್ಮ ಕಡೆ ಹಾಗೆ ಕರೆಯುತ್ತಾರೆ. ಸುತ್ತಮುತ್ತ ಅಂದರೆ ಅವರಿಗೆ ಫೋನು. ದಿಂಡಿಗಲ್ಲಿನಲ್ಲಿ ಒಬ್ಬ ಗೆಳೆಯ, ಮಧುರೈಯಲ್ಲಿ ಒಬ್ಬ, ಕೊಯಮತ್ತೂರಿನಲ್ಲಿ ಒಬ್ಬ. ಅವರು ಏನು ಬರೆದಿದ್ದಾರೋ ಅದನ್ನು ಇವರು ಬರೆಯುತ್ತಿದ್ದರು. ಅವರು ಇನ್ಯಾರನ್ನು ಕೇಳಿ ಬರೆದಿದ್ದರೋ ದೇವರಿಗೇ ಗೊತ್ತು.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಕಂಪನಿಯ ಒಂದು ಪೈಸೆ ಅವರು ಮುಟ್ಟಿದವರಲ್ಲ. ದೀಪಾವಳಿಗೆ ವ್ಯಾಪಾರಿಗಳು ಕಳಿಸಿದ ಸಿಹಿಯನ್ನೂ ಗುಮಾಸ್ತರಿಗೆ ಹಂಚಿಬಿಡುತ್ತಿದ್ದರು. ಇದೇ ನನ್ನ ಕಷ್ಟ. ಕಳ್ಳನಾಗಿದ್ದರೆ ಹಿಡಿದು ಮನೆಗೆ ಕಳಿಸುತ್ತಿದ್ದೆ, ಹೆಂಡತಿಯೂ ಬಾಯಿ ಮುಚ್ಚಿಕೊಂಡಿರುತ್ತಿದ್ದಳು. ಪ್ರಾಮಾಣಿಕ ಸೋಮಾರಿಯನ್ನು ಯಾವ ಕಾರಣ ಹೇಳಿ ಕಳಿಸುವುದು?

ಕೊಯಮತ್ತೂರಿನ ಒಂದು ದೊಡ್ಡ ಆಹಾರ ಕಂಪನಿಗೆ ನಮ್ಮ ಕಂಪನಿಯ ದೊಡ್ಡ ಪಾಲು ಮಾರಿದ ಮೇಲೆ ಅವರ ನಿಜವಾದ ಪರೀಕ್ಷೆ ಶುರುವಾಯಿತು. ಅದು ಷೇರು ಪೇಟೆಯಲ್ಲಿದ್ದ ಕಂಪನಿ. ಅಂಥವರಿಗೆ ಅಷ್ಟು ಪಾಲು ಕೊಟ್ಟರೆ ಅವರ ಲೆಕ್ಕದ ಪದ್ಧತಿಯೂ ನಮ್ಮ ಮನೆಯೊಳಗೆ ಬರುತ್ತದೆ. ಆ ಪದ್ಧತಿಯಲ್ಲಿ ಹೊಸ ಹೊಸ ಸ್ಟ್ಯಾಂಡರ್ಡುಗಳು, ಅಂದರೆ ಲೆಕ್ಕ ಬರೆಯುವ ನಿಯಮಗಳು, ಬರುತ್ತಲೇ ಇರುತ್ತವೆ. ಪ್ರತಿಯೊಂದು ಬರುವ ಮೊದಲು ಕಂಪನಿ ಅದನ್ನು ಓದಿ, ತನ್ನ ಒಪ್ಪಂದಗಳನ್ನೆಲ್ಲ ಮುಂದಿಟ್ಟುಕೊಂಡು, ಇದರಿಂದ ನಮ್ಮ ಲೆಕ್ಕ ಎಷ್ಟು ಬದಲಾಗುತ್ತದೆ ಎಂದು ಅಳೆದು, ವರ್ಷದ ವರದಿಯಲ್ಲಿ ಹೇಳಬೇಕು. ಅಳೆಯುವ ಕೆಲಸಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ನಮ್ಮ ಮಾವನವರಿಗೆ ಎರಡು ಕೀ ಸಾಕಾಗುತ್ತಿತ್ತು. ಕಂಪ್ಯೂಟರಿನಲ್ಲಿ ಅವರು ಯಾರಿಂದಲೋ ಒಂದು ಏರ್ಪಾಟು ಮಾಡಿಸಿಕೊಂಡಿದ್ದರು, ಎರಡು ಅಕ್ಷರ ಒತ್ತಿದರೆ ಇಡೀ ವಾಕ್ಯ ತಾನೇ ಬಿಚ್ಚಿಕೊಳ್ಳುತ್ತಿತ್ತು: "ಕಂಪನಿಯು ಈ ಮಾನದಂಡವನ್ನು ಪರಿಶೀಲಿಸಿದ್ದು, ಗಣನೀಯ ಪರಿಣಾಮವಿಲ್ಲವೆಂದು ಕಂಡುಕೊಂಡಿದೆ." ಇಂಗ್ಲಿಷಿನಲ್ಲಿ ಇನ್ನೂ ಗಂಭೀರವಾಗಿ ಕೇಳುತ್ತಿತ್ತು. ಮೊದಮೊದಲು ನಾನೂ ತಲೆಯಾಡಿಸಿದ್ದೆ.

ಬೇಕಾದವರು ಹೊಸ ನಿಯಮವನ್ನು ಗಡುವಿಗೆ ಮೊದಲೇ ಪಾಲಿಸಲೂಬಹುದು ಎಂದು ಕೆಲವು ಸ್ಟ್ಯಾಂಡರ್ಡುಗಳಲ್ಲೇ ಇರುತ್ತದೆ. ಆ ಮಾತೆತ್ತಿದರೆ ಅವರ ಮುಖ ಕಿವುಚಿಕೊಳ್ಳುತ್ತಿತ್ತು. ದೊಡ್ಡವರು ಕೂರುವ ಮೊದಲೇ ಎಲೆ ಮುಂದೆ ಕೂತು ಅನ್ನ ಕಲಸಿದ ಹಾಗೆ ಅದು ಅವರಿಗೆ. "ಮದ್ರಾಸಿನೋರು ಮೊದ್ಲು ಮಾಡ್ಲಿ. ಅವ್ರು ಮಾಡಿ ಒದ್ದಾಡಿದ್ಮೇಲೆ ನಾವು ನೋಡ್ಕಂಡು ಮಾಡಾನ," ಎನ್ನುತ್ತಿದ್ದರು. ಮದ್ರಾಸಿನವರು ಮಾಡಿದ ಮೇಲೂ ಇವರು ನೋಡಲಿಲ್ಲ.

ಮಾರಾಟದ ಆದಾಯವನ್ನು ಹೇಗೆ ತೋರಿಸಬೇಕು ಎಂಬ ಹೊಸ ನಿಯಮ ಬಂದಾಗ ನಮಗೆ ಒಂದು ನಿಜವಾದ ಪ್ರಶ್ನೆ ಇತ್ತು. ರೈತನ ಟೊಮೇಟೊವನ್ನು ಕಮಿಷನ್ನಿಗೆ ಮಾರಿಕೊಟ್ಟಾಗ ಇಡೀ ಬೆಲೆ ನಮ್ಮ ವಹಿವಾಟೋ, ಕಮಿಷನ್ ಮಾತ್ರ ನಮ್ಮದೋ? ಮಾವ ಈ ಪ್ರಶ್ನೆಯ ಹತ್ತಿರವೂ ಸುಳಿಯಲಿಲ್ಲ. ತಮ್ಮ ಹಳೆಯ ಬೀಗದ ಕಾರ್ಖಾನೆಗೆ ಫೋನು ಮಾಡಿ, ಅವರು ಬರೆದ ಟಿಪ್ಪಣಿ ತರಿಸಿ, ಹೆಸರು ಬದಲಿಸಿ ನಮ್ಮ ವರದಿಗೆ ಸೇರಿಸಿದರು. ಅದನ್ನು ಓದಿದವರು ಒಬ್ಬರೇ, ತೇನಿಯ ಬ್ಯಾಂಕ್ ಮ್ಯಾನೇಜರು. ಸಾಲದ ಕೆಲಸಕ್ಕೆ ಹೋದಾಗ ಕುರ್ಚಿ ತೋರಿಸಿ ಗಂಭೀರವಾಗಿ ಕೇಳಿದರು:

"ಬದನೆಕಾಯಿಗೆ ವಾರಂಟಿ ಎಷ್ಟು ವರ್ಷ ಸಾರ್?"

ನನಗೆ ಅರ್ಥವಾಗಲಿಲ್ಲ. ವರದಿಯ ಪುಟ ತಿರುಗಿಸಿ ತೋರಿಸಿದರು. ಮಾರಿದ ಸರಕಿನಲ್ಲಿ ದೋಷ ಕಂಡುಬಂದರೆ ಉಚಿತವಾಗಿ ದುರಸ್ತಿ ಮಾಡಿಕೊಡಲಾಗುವುದು ಎಂದು ನಮ್ಮ ಕಂಪನಿ ಘೋಷಿಸಿತ್ತು.

"ನುಗ್ಗೆಕಾಯಿ ಮುರಿದರೆ ನಿಮ್ಮ ಮಂಡಿಗೆ ತರಲಾ, ಇಲ್ಲ ನೀವೇ ಮೆಕ್ಯಾನಿಕ್ ಕಳಿಸ್ತೀರಾ?"

ಊರಿಗೆ ಬಂದು ಮಾವನ ಮುಂದೆ ಪುಟ ಹಿಡಿದೆ. ಕನ್ನಡಕ ಒರೆಸಿಕೊಂಡು ಓದಿದರು. "ಇರ್ಲಿ ಬಿಡು ಮಾಪ್ಳೆ. ಒಂದ್ ಸಾಲು ಜಾಸ್ತಿ ಇದ್ರೆ ಯಾರ್ಕೇನು ಕವಲೆ, ಯಾರ್ಕೇನು ಚಿಂತೆ. ಕಮ್ಮಿ ಇದ್ರೇ ತಪ್ಪು," ಎಂದರು. ಆವತ್ತೇ ನಾನು ಎಚ್ಚೆತ್ತು ಅವರನ್ನು ಮಧುರೈಗೆ ಕಳಿಸಿದೆ. ಗುತ್ತಿಗೆ, ಬಾಡಿಗೆಗಳ ಲೆಕ್ಕಕ್ಕೆ ಹೊಸ ಸ್ಟ್ಯಾಂಡರ್ಡ್ ಬರುವುದಿತ್ತು. ಅದರ ಬಗ್ಗೆ ದೊಡ್ಡ ಹೋಟೆಲಿನಲ್ಲಿ ಎರಡು ದಿನದ ತರಬೇತಿ. ವಾಪಸು ಬಂದವರ ಕೈಯಲ್ಲಿ ಒಂದು ಚೀಲ, ಒಂದು ಪೆನ್ನು.

"ಏನ್ ಹೇಳಿದ್ರು ಮಾಮಾ?"

"ಎರಡ್ನೇ ದಿನ ಊಟ ಪರವಾಗಿಲ್ಲ. ಮೊದ್ಲ್ ದಿನ ಸಾಂಬಾರ್ಕೆ ಉಪ್ಪೇ ಇಲ್ಲ."

"ಸ್ಟ್ಯಾಂಡರ್ಡ್ ಬಗ್ಗೆ?"

"ಅದಾ? ವರ್ಷಕ್ಕೆ ಕಮ್ಮಿ ಬಾಡ್ಗೆ ಇದ್ರೆ ಪುಸ್ತಕಕ್ಕೆ ತರ್ಬೇಕಿಲ್ಲ ಅಂದ್ರು. ನಮ್ದೆಲ್ಲ ಅನ್ನೊಂದು ತಿಂಗ್ಳ ಕಾಗ್ದ. ನಮ್ಕೆ ಅದು ಸೇರಲ್ಲ."

ಆ ಚೀಲದಲ್ಲಿ ಅವರ ಮನೆಯವರು ಇವತ್ತಿಗೂ ಸೊಪ್ಪು ತರುತ್ತಾರೆ. ತರಬೇತಿಯಿಂದ ಕೆಲಸಕ್ಕೆ ಬಂದದ್ದು ಅದೊಂದೇ.

ಓದುವವರಿಗೆ ಆ ನಿಯಮವನ್ನು ನಾನೇ ಎರಡು ಮಾತಿನಲ್ಲಿ ಹೇಳುತ್ತೇನೆ, ಕಷ್ಟವೇನಿಲ್ಲ. ಮೊದಲೆಲ್ಲ ತಿಂಗಳ ಬಾಡಿಗೆ ಕೊಟ್ಟರೆ ಅದು ಆ ತಿಂಗಳ ಖರ್ಚು, ಅಷ್ಟೇ. ಹೊಸ ನಿಯಮದಲ್ಲಿ, ನೀವು ಆ ಜಾಗದಲ್ಲಿ ಎಷ್ಟು ವರ್ಷ ಇರುವುದು ಖಚಿತವೋ ಅಷ್ಟೂ ವರ್ಷದ ಬಾಡಿಗೆಯನ್ನು ಇವತ್ತಿನ ಬೆಲೆಗೆ ಇಳಿಸಿ ನಿಮ್ಮ ಸಾಲವೆಂದು ಬ್ಯಾಲೆನ್ಸ್ ಶೀಟಿನಲ್ಲಿ ತೋರಿಸಬೇಕು. ಒಂದು ವರ್ಷಕ್ಕೆ ಮೀರದ ಗುತ್ತಿಗೆಗೆ ಮಾತ್ರ ವಿನಾಯಿತಿ. ಮಾವ ವಿನಾಯಿತಿಯನ್ನು ಕೇಳಿಸಿಕೊಂಡರು, 'ಖಚಿತ' ಎಂಬುದನ್ನು ಕೇಳಿಸಿಕೊಳ್ಳಲಿಲ್ಲ. ಊಟದ ಗಂಟೆ ಹೊಡೆದಿರಬೇಕು.

ಈಗ ನಮ್ಮವರ ಪದ್ಧತಿ ಹೇಳಬೇಕು. ಎಷ್ಟೋ ತಲೆಮಾರಿನ ಹಿಂದೆ ಇಲ್ಲಿಗೆ ಬಂದು ನೆಲೆಸಿದ ಕನ್ನಡದ ಒಕ್ಕಲು ನಾವು. ಮನೆಯೊಳಗೆ ನಮ್ಮದೇ ಒಂದು ಕನ್ನಡ, ಬಾಗಿಲು ದಾಟಿದರೆ ತಮಿಳು. ಜಾಗ, ಶೆಡ್ಡು, ಕಣ ಏನೇ ಬೇಕಾದರೂ ಮೊದಲು ನೆಂಟರಲ್ಲೇ ಕೇಳುತ್ತೇವೆ. ನೆಂಟರಲ್ಲಿ ದೀರ್ಘ ಗುತ್ತಿಗೆಯ ಕಾಗದ ಕೇಳಿದರೆ ಅವರ ಮಾತನ್ನು ನಂಬಲಿಲ್ಲ ಎಂದರ್ಥ. ಮುಂದಿನ ಮದುವೆಗೆ ಅವರು ಬರುವುದಿಲ್ಲ. ಆದ್ದರಿಂದ ಸರ್ಕಾರಕ್ಕೆ ಹನ್ನೊಂದು ತಿಂಗಳ ಕಾಗದ, ಪ್ರತಿ ವರ್ಷ ಸಂಕ್ರಾಂತಿಯ ತೈ ತಿಂಗಳಲ್ಲಿ ಹೊಸದು. ನಿಜವಾದ ಗುತ್ತಿಗೆ ಎಲೆ ಅಡಿಕೆ ಮುಂದಿಟ್ಟು ಆಡಿದ ಮಾತಿನಲ್ಲಿ. ಬತ್ತಲಗುಂಡಿನ ನನ್ನ ಕೋಲ್ಡ್ ಸ್ಟೋರೇಜ್ ನಿಂತಿರುವುದು ನನ್ನ ಸೋದರತ್ತೆಯ ಜಾಗದಲ್ಲಿ. ಒಡ್ಡನ್‌ಛತ್ರದ ಅಂಗಳ, ಕಂಬಂ ಶೆಡ್ಡು, ಎಲ್ಲ ಹೀಗೇ. ಇದು ಮಾವನಿಗೆ ತಿಳಿಯದ್ದಲ್ಲ. ಅತ್ತೆ ಎಲೆ ಅಡಿಕೆ ಇಟ್ಟಾಗ ಪಕ್ಕದಲ್ಲಿ ಕೂತು ಅಡಿಕೆ ಅಗಿದವರೇ ಅವರು.

ಅದೇ ಹೊತ್ತಿಗೆ ಓಡೈಪಟ್ಟಿಯ ಕೆಲಸ ಹಿಡಿದಿದ್ದೆ. ಬ್ಯಾಂಕು ಸಾಲ ಮಂಜೂರು ಮಾಡಿ ಮೊದಲ ಕಂತು ಕೊಟ್ಟಿತ್ತು. ಕರಾರಿನಲ್ಲಿ ಒಂದು ಷರತ್ತು ಇತ್ತು: ಕಂಪನಿಯ ಒಟ್ಟು ಸಾಲ ಸ್ವಂತ ಬಂಡವಾಳದ ಎರಡು ಪಟ್ಟು ಮೀರಬಾರದು. ನಾವು ಅದರೊಳಗೆ ಆರಾಮಾಗಿದ್ದೆವು. ಹೊಸ ನಿಯಮದಿಂದ ಇದಕ್ಕೆ ಏನಾದರೂ ಆಗುತ್ತದೆಯೇ ಎಂದು ನಾನು ಬಾಯಿಬಿಟ್ಟು ಕೇಳಿದೆ. ಮಾವ ಎರಡು ಅಕ್ಷರ ಒತ್ತಿದರು.

ವರ್ಷದ ಕೊನೆಗೆ ಕೊಯಮತ್ತೂರಿನ ಕಂಪನಿ ತನ್ನ ಆಡಿಟರನ್ನು ಕಳಿಸಿತು. ಚೆನ್ನೈಯ ಹುಡುಗಿ. ಮುಖ ನೋಡಿ ಮಾವ, "ಇವ್ಳಾ? ಒಂದ್ ಕಾಪಿ ಕುಡ್ಸಿ ಕಳ್ಸಿಬಿಡಾನ," ಎಂದರು. ಅವಳು ಕಾಗದಗಳನ್ನು ನೋಡಿ ಪಕ್ಕಕ್ಕಿಟ್ಟು, ಜಾಗದ ಒಡತಿಯನ್ನು ನೋಡಬೇಕು ಎಂದಳು. ಅತ್ತೆಯ ಮನೆ ಕೋಲ್ಡ್ ಸ್ಟೋರೇಜಿನ ಹಿಂದೆಯೇ. ಅತ್ತೆ ಜಗುಲಿಯಲ್ಲಿ ಕೂತು ಹೂ ಕಟ್ಟುತ್ತಿದ್ದರು. ನಾನು ಅಂಗಳದಲ್ಲೇ ನಿಂತೆ, ಅವರಿಬ್ಬರು ಮೇಲೆ ಹೋಗಿ ಕೂತರು. ಆಡಿಟರ್ ಅವರನ್ನು ಅಜ್ಜಿ ಎಂದು ಕರೆದು ತಮಿಳಿನಲ್ಲಿ ಕೇಳಿದಳು: "ಪಾಟಿ, ಈ ಕಾಗದ ಹನ್ನೊಂದು ತಿಂಗಳಿಗೆ ಮುಗಿಯುತ್ತಲ್ಲ, ಆಮೇಲೆ ಏನು ಮಾಡ್ತೀರಿ?"

ಅತ್ತೆ ಮಾವನ ಕಡೆ ತಿರುಗಿ ಮನೆಮಾತಿನಲ್ಲಿ ಹೇಳಿದರು: "ಏನ್ ಕೇಳ್ತಾಳೆ ಈ ಪುಳ್ಳೆ? ಮುಗುದ್ರೆ ಇನ್ನೊಂದ್ ಬರಿಯೋದು. ಅವ್ನ್ ಗ್ವಾಡೆ ನಿಂತಿರೋ ತನ್ಕ ಜಾಗ ಅವ್ನ್ದೇ. ಎಲೆ ಅಡ್ಕೆ ಮಡ್ಗಿ ಯೋಳಿಲ್ವಾ, ನೀನೂ ಇದ್ದಲ್ಲ."

ಮಾವ ಮುಗುಳ್ನಕ್ಕು ಆಡಿಟರಿಗೆ ತಮಿಳಿನಲ್ಲಿ ಅನುವಾದ ಮಾಡಿದರು: "ಕಾಗದ ಮುಗಿದ ಮೇಲೆ ಯೋಚಿಸ್ತಾರಂತೆ ಮೇಡಂ."

ಮನೆಮಾತು ಬೀಗ ಹಾಕಿದ ಕೋಣೆ ಎಂದು ನಮ್ಮವರಿಗೆ ಒಂದು ನಂಬಿಕೆ. ಹೊರಗಿನವರ ಎದುರು ಏನು ಬೇಕಾದರೂ ಆಡಬಹುದು, ಏನು ಬೇಕಾದರೂ ಅನುವಾದಿಸಬಹುದು. ಮಾವ ಮರೆತದ್ದು ಏನೆಂದರೆ, ಅತ್ತೆ ಬತ್ತಲಗುಂಡಿನ ಬಸ್ ನಿಲ್ದಾಣದಲ್ಲಿ ಆಯುಷ್ಯವಿಡೀ ಹೂ ಮಾರಿದವರು. ಅವರ ತಮಿಳು ಇವರದ್ದಕ್ಕಿಂತ ಚುರುಕು. ಹೂವಿನ ದಾರ ಕೆಳಗಿಟ್ಟರು.

"ಯಾರು ಯೋಚ್ನೆ ಮಾಡೋದು? ನಾನಾ?" ಎಂದು ಮಾವನಿಗೆ ಹೇಳಿ, ಆಡಿಟರ್ ಕಡೆ ತಿರುಗಿ ಅಚ್ಚ ತಮಿಳಿನಲ್ಲಿ ಶುರುಮಾಡಿದರು. "ಅಮ್ಮಾ, ಇವರು ಹೇಳಿದ್ದು ಸುಳ್ಳು. ಅವನು ನನ್ನ ಅಣ್ಣನ ಮಗ. ಅವನನ್ನು ಎಬ್ಬಿಸಿ ಕಳಿಸಿ ನಾನು ಊರಲ್ಲಿ ಮುಖ ಎತ್ತಿ ತಿರುಗಬೇಕೋ ಬೇಡವೋ? ಹನ್ನೊಂದು ತಿಂಗಳು ಅನ್ನೋದು ಆಫೀಸಿನೋರಿಗೆ. ನಮಗೆ ಅವನ ಗೋಡೆ ಇರೋವರೆಗೂ ಮಾತು."

"ಗೋಡೆ ಕಟ್ಟಿದ್ದು ಯಾರು ಪಾಟಿ?"

"ಅವನೇ. ಒಂದೊಂದು ಗೋಡೆ ಇಷ್ಟು ದಪ್ಪ," ಎಂದು ಅತ್ತೆ ಮೊಳ ತೋರಿಸಿದರು. ತೋರಿಸುವಾಗ ಹೆಮ್ಮೆ ಬೇರೆ.

ಆಡಿಟರ್ ಮಾವನನ್ನು ನೋಡಿದಳು. "ಹನ್ನೊಂದು ತಿಂಗಳಲ್ಲಿ ಬಿಟ್ಟು ಹೋಗುವವರು ಇಂಥ ಗೋಡೆ ಕಟ್ಟುತ್ತಾರಾ ಸಾರ್?"

ಮಾವ ಕನ್ನಡಕ ತೆಗೆದು ಒರೆಸಿದರು. ಬೆಳಕಿಗೆ ಹಿಡಿದರು. "ಕಾಪಿ ಆರಿಹೋಗುತ್ತೆ ಮೇಡಂ," ಎಂದರು.

ಅವಳು ಮಾಡಿದ್ದು ಸರಿ. ಕಾಗದ ಏನು ಹೇಳುತ್ತದೆ ಎನ್ನುವುದಕ್ಕಿಂತ ನೀವು ಏನು ಮಾಡುವುದು ಖಚಿತ ಎನ್ನುವುದೇ ಲೆಕ್ಕ ಎಂದು ಹೊರಡುವ ಮೊದಲು ನನಗೆ ಬಿಡಿಸಿ ಹೇಳಿದಳು. ಬಿಡಿಸಿ ಹೇಳಲು ಅವಳಿಗೆ ಹಿಡಿದದ್ದು ಕಾರಿನ ತನಕ ನಡೆಯುವಷ್ಟು ಹೊತ್ತು. ಮೂರೂ ಜಾಗದ ಬಾಡಿಗೆ, ಗೋಡೆಗಳ ಆಯುಷ್ಯದಷ್ಟು ವರ್ಷಗಳದ್ದು, ನಮ್ಮ ಸಾಲವಾಗಿ ಬ್ಯಾಲೆನ್ಸ್ ಶೀಟಿಗೆ ಏರಿತು. ಎರಡು ಪಟ್ಟಿನ ಗೆರೆ ದಾಟಿತು. ಬ್ಯಾಂಕು ಓಡೈಪಟ್ಟಿಯ ಎರಡನೇ ಕಂತು ನಿಲ್ಲಿಸಿತು.

ತೇನಿಗೆ ಓಡಿದೆ. ಚೌಕಾಸಿಯಲ್ಲಿ ನಾನು ಸೋತವನಲ್ಲ; ಅವತ್ತು ಬಾಯಿಗೆ ಬಂದದ್ದನ್ನೆಲ್ಲ ಬಳಸಿದೆ. "ಸಾರ್, ಜಾಗ ಅದೇ, ಅತ್ತೆ ಅದೇ, ಬಾಡಿಗೆ ಅದೇ. ನನ್ನ ಜೇಬಿನಿಂದ ನಿನ್ನೆಗಿಂತ ಇವತ್ತು ಒಂದು ರೂಪಾಯಿ ಹೆಚ್ಚು ಹೋಗಿಲ್ಲ. ಬರೆಯೋ ರೀತಿ ಬದಲಾದರೆ ನಾನು ಸಾಲಗಾರ ಆಗಿಬಿಟ್ಟೆನಾ?"

ಮ್ಯಾನೇಜರು ಈ ಸಲ ನಗೆಯಾಡಲಿಲ್ಲ. "ನನಗೂ ಗೊತ್ತು ಸಾರ್. ನಿಯಮ ಬರೋ ಮೊದಲು ಒಂದು ಸಲ ಬಂದು ಕೂತಿದ್ದರೆ, ಈ ಷರತ್ತನ್ನು ಹಳೇ ಲೆಕ್ಕದ ಪ್ರಕಾರವೇ ಅಳೆಯೋದು ಅಂತ ಕರಾರಿಗೆ ಒಂದು ಸಾಲು ಸೇರಿಸಿಕೊಡ್ತಿದ್ದೆ. ಎಷ್ಟೋ ಕಂಪನಿಗಳು ಬಂದು ಬರೆಸಿಕೊಂಡು ಹೋದವು. ಈಗ ಷರತ್ತು ಮುರಿದಾಗಿದೆ. ಮುರಿದ ಮೇಲೆ ನನ್ನ ಕೈಯಲ್ಲಿಲ್ಲ, ಕಡತ ಚೆನ್ನೈಯ ದೊಡ್ಡ ಆಫೀಸಿಗೆ ಹೋಗಬೇಕು."

"ನಮ್ಮ ಮಾಮ ಬಂದೇ ಇಲ್ವಾ?"

"ಬಂದಿದ್ದರು. ಮೊಮ್ಮಗಳ ಕಿವಿ ಚುಚ್ಚೋ ಶಾಸ್ತ್ರಕ್ಕೆ ಕರೆಯೋಕೆ."

ಕಡತ ಚೆನ್ನೈಗೆ ಹೋಯಿತು. ಬಳ್ಳಿಯಲ್ಲಿ ಹಣ್ಣು ಅದಕ್ಕಾಗಿ ಕಾಯುವುದಿಲ್ಲ. ಓಡೈಪಟ್ಟಿಯ ಬೆಳೆಗಾರರು ಎರಡು ಸಲ ಬಂದು ಪಾಯ ನೋಡಿ ಹೋದರು. ಮೂರನೆಯ ಸಲ ಅವರಲ್ಲಿ ಹಿರಿಯರೊಬ್ಬರು, ನಮ್ಮವರೇ, ಕೈಹಿಡಿದು ಹೇಳಿದರು: "ತಂಬಿ, ನಿನ್ ಮೇಲೆ ಕ್ವಾಪ ಇಲ್ಲ. ಅಣ್ಣು ಕೊಯ್ಲೇಬೇಕಲ್ಲ." ಪಕ್ಕದ ಜಿಲ್ಲೆಯ ವ್ಯಾಪಾರಿಯೊಬ್ಬ ಮುಂಗಡ ಕೊಟ್ಟು ಹಣ್ಣನ್ನೂ ಎತ್ತಿದ, ಮರುವರ್ಷ ನನ್ನ ಪಾಯವನ್ನೂ ಕೊಂಡ. ಬ್ಯಾಂಕಿನ ಒಪ್ಪಿಗೆ ಬಂತು, ಬರಲಿಲ್ಲ ಎನ್ನುವಂತಿಲ್ಲ. ಬಂದಾಗ ಅಲ್ಲಿ ಅವನ ಕಂಬಗಳು ಎದ್ದಿದ್ದವು.

ಮಾವನಿಗೆ ಹೇಳಿದೆ. ಅವರು ಕಂಗೆಡಲಿಲ್ಲ. "ಇದು ಬರೀ ಪುಸ್ತಕದ್ ವಿಷ್ಯ ಮಾಪ್ಳೆ, ಕೈಯಿಂದ ಏನೂ ಓಗಿಲ್ಲ," ಎಂದರು. ಆಮೇಲೆ ಸ್ವಲ್ಪ ಯೋಚಿಸಿ, "ನಿಮ್ಮತ್ತೆ ಬಾಯಿ ಮುಚ್ಕಂಡಿದ್ರೆ ಇದ್ಯಾವ್ದೂ ಆಗ್ತಾ ಇರ್ಲಿಲ್ಲ," ಎಂದೂ ಸೇರಿಸಿದರು. ವರ್ಷವಿಡೀ ಸಮಯವಿದ್ದ ಒಂದು ಕಂಪನಿಯ ಸಿದ್ಧತೆ ಏನಾಗಿತ್ತು ನೋಡಿ: ಹೂ ಕಟ್ಟುವ ಮುದುಕಿಯೊಬ್ಬಳು ಸುಳ್ಳು ಹೇಳಬೇಕು ಎಂಬುದು.

ಆಮೇಲೂ ಅವರು ನಿವೃತ್ತಿಯ ತನಕ ಅದೇ ಕುರ್ಚಿಯಲ್ಲಿದ್ದರು. ನನ್ನ ಹೆಂಡತಿಯ ಮನೆಯವರನ್ನು ನೀವು ನೋಡಿಲ್ಲ. ಕೆಲಸವನ್ನೆಲ್ಲ ಬೇರೆಯವರಿಗೆ ಹಂಚಿ, ಅವರಿಗೆ ಪತ್ರಿಕೆ ಮತ್ತು ಫೋನು ಬಿಟ್ಟುಕೊಟ್ಟೆ. ವ್ಯತ್ಯಾಸ ಅವರ ಗಮನಕ್ಕೆ ಬಂದ ಹಾಗೆ ಕಾಣಲಿಲ್ಲ. ಬೀಳ್ಕೊಡುಗೆಯಲ್ಲಿ ಮೈಕು ಹಿಡಿದು ಹೇಳಿದರು: "ನನ್ನ ಕಾಲದಲ್ಲಿ ಎಷ್ಟೋ ಹೊಸ ಸ್ಟ್ಯಾಂಡರ್ಡುಗಳು ಬಂದವು. ಒಂದಕ್ಕೂ ನಾನು ಹೆದರಲಿಲ್ಲ." ಚಪ್ಪಾಳೆ ಬಿತ್ತು. ಅದು ನಿಜವೇ. ಹೆದರಬೇಕಾದರೂ ಓದಿರಬೇಕು.

ಲಾಭನಷ್ಟದ ಪಟ್ಟಿಯ ಆಕಾರವನ್ನೇ ಬದಲಿಸುವ ಇನ್ನೊಂದು ನಿಯಮ ಬರುತ್ತಿದೆಯಂತೆ. ನಿಮ್ಮದೂ ಕಂಪನಿಯಾಗಿದ್ದರೆ ನನ್ನ ಮಾತು ಕೇಳಿ. ನಿಮ್ಮ ಲೆಕ್ಕದವರನ್ನು ಕರೆದು 'ಏನು ಪರಿಣಾಮ' ಎಂದು ಕೇಳಬೇಡಿ, ಅದಕ್ಕೆ ಉತ್ತರ ಅವರ ಬಳಿ ಮೊದಲೇ ತಯಾರಿರುತ್ತದೆ. 'ಇದಕ್ಕಾಗಿ ಯಾರ್ಯಾರನ್ನು ಹೋಗಿ ಕಂಡಿರಿ' ಎಂದು ಕೇಳಿ. ಹೇಳಿದ ಹೆಸರುಗಳೆಲ್ಲ ಬೇರೆ ಕಂಪನಿಯವರದ್ದಾಗಿದ್ದರೆ ಕೆಲಸ ಇನ್ನೂ ಶುರುವಾಗಿಲ್ಲ ಎಂದೇ ತಿಳಿಯಿರಿ. ನಿಮ್ಮ ಗೋದಾಮಿನವನು, ಲಾರಿ ಕೊಟ್ಟವನು, ಜಾಗ ಕೊಟ್ಟ ನೆಂಟರು, ಈ ಹೆಸರುಗಳು ಬರಬೇಕು. ನೆಂಟರ ಹತ್ತಿರ ನೀವೇ ಹೋಗಿ ಕೂತು ಎಷ್ಟು ವರ್ಷದ ಮಾತು ಎಂದು ಕೇಳಿ, ಅವರ ಬಾಯಿಂದ ಬಂದದ್ದನ್ನೇ ಲೆಕ್ಕಕ್ಕೆ ಹಿಡಿಯಿರಿ. ಸಾಲದ ಕರಾರು ತೆಗೆದು, ಹೊಸ ಲೆಕ್ಕದಲ್ಲಿ ಯಾವ ಷರತ್ತು ಮುರಿಯುತ್ತದೆ ಎಂದು ಬೆರಳಿಟ್ಟು ನೋಡಿ. ಮುರಿಯುವಂತಿದ್ದರೆ ಆ ವಾರವೇ ಬ್ಯಾಂಕಿಗೆ ಹೋಗಿ. ನೆಂಟರನ್ನು ಕಳಿಸಬೇಡಿ, ನೀವೇ ಹೋಗಿ. ಹಳೆಯ ಲೆಕ್ಕದಂತೆಯೇ ಅಳೆಯುತ್ತೇವೆ ಎಂಬ ಸಾಲು ಬರೆಸಿ, ಸಹಿಯೂ ಮೊಹರೂ ಬಿದ್ದ ಮೇಲೆಯೇ ಕುರ್ಚಿಯಿಂದ ಏಳಿ.